ಗಣಿತ ಬಿಡುವ ಮುನ್ನ: ಹದಿನಾರರ ಹರೆಯದಲ್ಲೊಂದು ಲೆಕ್ಕಾಚಾರ

ಬೆಂಗಳೂರು: ಹತ್ತನೇ ತರಗತಿಯ ಫಲಿತಾಂಶ ಪ್ರಕಟವಾಗುತ್ತಿದ್ದಂತೆ ರಾಜ್ಯದ ಸಾವಿರಾರು ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ: ಮುಂದೆ ಗಣಿತ ಬೇಕೇ, ಬೇಡವೇ? ಬೇಕಾದರೆ ಯಾವ ಗಣಿತ? ಅಂಕ ಕಡಿಮೆಯಾದೀತೆಂಬ ಭಯದಲ್ಲಿ ಒಂದೆರಡು ದಿನಗಳಲ್ಲಿ ಕೈಗೊಳ್ಳುವ ಈ ತೀರ್ಮಾನ, ಎರಡು ವರ್ಷಗಳ ಬಳಿಕ ಯಾವ ಕಾಲೇಜಿನ ಬಾಗಿಲು ತೆರೆಯುತ್ತದೆ, ಯಾವುದು ಮುಚ್ಚುತ್ತದೆ ಎಂಬುದನ್ನು ನಿರ್ಧರಿಸುತ್ತದೆ.

ಗೊಂದಲಕ್ಕೆ ಮೊದಲ ಕಾರಣ ಹೆಸರುಗಳೇ. ಸಿಬಿಎಸ್‌ಇ ಮಂಡಳಿಯು 2019ರ ಜನವರಿಯಲ್ಲಿ ಹತ್ತನೇ ತರಗತಿಯ ಗಣಿತವನ್ನು ‘ಸ್ಟ್ಯಾಂಡರ್ಡ್’ ಮತ್ತು ‘ಬೇಸಿಕ್’ ಎಂದು ವಿಂಗಡಿಸಿತು. 2020ರ ಪರೀಕ್ಷೆಯಿಂದ ಇದು ಜಾರಿಗೆ ಬಂತು. ಪಠ್ಯ ಒಂದೇ, ಪಾಠವೂ ಒಂದೇ. ಪ್ರಶ್ನೆಪತ್ರಿಕೆಯ ಕ್ಲಿಷ್ಟತೆ ಮಾತ್ರ ಬೇರೆ. ಬೇಸಿಕ್ ಬರೆದವರು ಹನ್ನೊಂದನೇ ತರಗತಿಯಲ್ಲಿ ಗಣಿತ ಆಯ್ದುಕೊಳ್ಳುವಂತಿಲ್ಲ ಎಂಬುದು ಮೂಲ ನಿಯಮವಾಗಿತ್ತು. ಕೋವಿಡ್ ಕಾಲದಲ್ಲಿ, 2020-21ರಲ್ಲಿ ಮಂಡಳಿ ಇದನ್ನು ಸಡಿಲಿಸಿತು. ನಂತರದ ವರ್ಷಗಳಲ್ಲೂ ಸುತ್ತೋಲೆಗಳ ಮೂಲಕ ಸಡಿಲಿಕೆ ಮುಂದುವರಿಯಿತು. ಸುತ್ತೋಲೆಯನ್ನು ನಂಬಿದ ಅವಕಾಶಕ್ಕೆ ಆಯುಷ್ಯ ಎಷ್ಟೆಂದು ಹೇಳಲಾಗದು. ಆದ್ದರಿಂದ ಆಯಾ ವರ್ಷದ ಸುತ್ತೋಲೆ ನೋಡದೆ ‘ಸುಲಭ’ ಎಂಬ ಒಂದೇ ಕಾರಣಕ್ಕೆ ಬೇಸಿಕ್ ಆಯ್ದುಕೊಳ್ಳುವುದು ಜಾಣತನವಲ್ಲ.

ಇನ್ನು ನಮ್ಮ ಪಿಯು ವಾಣಿಜ್ಯ ವಿಭಾಗದ ‘ಬೇಸಿಕ್ ಮ್ಯಾಥ್ಸ್’ ಸಂಪೂರ್ಣ ಬೇರೆಯದೇ ವಿಷಯ. ಷೇರು, ಬಿಲ್ ಡಿಸ್ಕೌಂಟಿಂಗ್‌ನಂತಹ ವ್ಯಾಪಾರಿ ಲೆಕ್ಕಗಳೊಂದಿಗೆ ಅಲ್ಪಸ್ವಲ್ಪ ಕಲನಶಾಸ್ತ್ರವೂ ಇದರಲ್ಲಿದೆ. ಬಿ.ಕಾಂ.ಗೆ ಇದು ಒಳ್ಳೆಯ ಬುನಾದಿ. ಲೆಕ್ಕಪರಿಶೋಧಕರಾಗಬಯಸುವವರಿಗೂ ಉಪಯುಕ್ತ, ಸಿಎ ಫೌಂಡೇಶನ್ ಪರೀಕ್ಷೆಯ ಒಂದು ಪತ್ರಿಕೆ ವ್ಯಾವಹಾರಿಕ ಗಣಿತ, ತಾರ್ಕಿಕ ಚಿಂತನೆ ಹಾಗೂ ಸಂಖ್ಯಾಶಾಸ್ತ್ರಕ್ಕೇ ಮೀಸಲು. ಆದರೆ ಪೂರ್ಣ ಪ್ರಮಾಣದ ಗಣಿತ ಬೇಡುವ ಕೋರ್ಸ್‌ಗಳಿಗೆ ಇದು ಪರ್ಯಾಯವಲ್ಲ. ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಪದವಿ ಕೇಳುವುದು ಗಣಿತ ಮತ್ತು ಇಂಗ್ಲಿಷನ್ನು, ಭೌತಶಾಸ್ತ್ರವನ್ನಲ್ಲ. ಅರ್ಥಾತ್, ಗಣಿತ ಓದಿದ ವಾಣಿಜ್ಯ ವಿದ್ಯಾರ್ಥಿಗೂ ಅಲ್ಲಿ ಅವಕಾಶವಿದೆ. ಇದನ್ನು ಎಷ್ಟು ಕಾಲೇಜುಗಳು ಪ್ರವೇಶದ ವೇಳೆ ಹೇಳುತ್ತವೆ?

ವಿಜ್ಞಾನದ ಲೆಕ್ಕ

ವಿಜ್ಞಾನ ವಿಭಾಗದ ಲೆಕ್ಕ ಇನ್ನೂ ಸ್ಪಷ್ಟ. ರಾಜ್ಯದ ಇಂಜಿನಿಯರಿಂಗ್ ರ‍್ಯಾಂಕ್‌ಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಶೇ 50, ಸಿಇಟಿಯ ಅದೇ ವಿಷಯಗಳಿಗೆ ಶೇ 50ರಷ್ಟು ಮಹತ್ವ. ಸಿಇಟಿಯ 180 ಅಂಕಗಳಲ್ಲಿ 60 ಗಣಿತದ್ದು. ಎರಡೂ ಕಡೆ ಗಣಿತದ ಪಾಲು ಮೂರನೇ ಒಂದು. ಆದರೆ ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ 720 ಅಂಕಗಳ ಪೈಕಿ ಅರ್ಧ, ಅಂದರೆ 360, ಜೀವಶಾಸ್ತ್ರದ್ದು. ಅಲ್ಲಿ ಗಣಿತಕ್ಕೆ ಒಂದು ಅಂಕವೂ ಇಲ್ಲ.

ಹೀಗಾಗಿ ಎರಡು ದೋಣಿಗಳ ಮೇಲೆ ಕಾಲಿಡುವಂತೆ ಬಹಳಷ್ಟು ಮಕ್ಕಳು ಪಿಸಿಎಂಬಿ ಆಯ್ದುಕೊಳ್ಳುತ್ತಾರೆ. ಇದೊಂದು ಬಗೆಯ ವಿಮೆ. ಅದರ ಕಂತು ಕಟ್ಟುವುದು ವಿದ್ಯಾರ್ಥಿಯ ಸಮಯ. ವೈದ್ಯಕೀಯವೇ ಗುರಿ ಎಂದು ಖಚಿತವಿರುವವರಿಗೆ ಗಣಿತ ಹೊರೆಯಾಗಬಹುದು. ಗುರಿ ಖಚಿತವಿಲ್ಲದವರಿಗೆ ಅದೇ ಆಸರೆ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಬಿ.ಎಸ್. ಪದವಿಯಲ್ಲಿ ಜೀವಶಾಸ್ತ್ರ ಓದಬೇಕೆಂದರೂ ಹನ್ನೆರಡನೇ ತರಗತಿಯಲ್ಲಿ ಗಣಿತ ಕಡ್ಡಾಯ ಎಂಬುದು ಗಮನಾರ್ಹ.

ಇನ್ನೊಂದು ಸಂಗತಿಯೂ ಇದೆ. ಹನ್ನೆರಡನೇ ತರಗತಿ ಮುಗಿದ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಬರೆದು ಉತ್ತೀರ್ಣರಾದವರೂ ನೀಟ್‌ಗೆ ಅರ್ಹರೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಪ್ರಕಟಿಸಿತು. ಅಂದರೆ ಬಿಟ್ಟ ಜೀವಶಾಸ್ತ್ರವನ್ನು ಮತ್ತೆ ಹಿಡಿಯಲು ದಾರಿಯಿದೆ. ಗಣಿತದ ಸ್ವಭಾವವೇ ಬೇರೆ. ಅದು ಮೆಟ್ಟಿಲು ಮೆಟ್ಟಿಲಾಗಿ ಏರುವ ವಿದ್ಯೆ. ಎರಡು ವರ್ಷ ಅದರಿಂದ ದೂರ ಉಳಿದವರು ಕಲನಶಾಸ್ತ್ರವನ್ನು ಒಂಟಿಯಾಗಿ ಕಲಿಯುವುದು ಸುಲಭವಲ್ಲ.

ಹೊಣೆ ಯಾರದು?

ನಗರದ ಪೋಷಕರಿಗೆ ಕೋಚಿಂಗ್ ಕೇಂದ್ರಗಳಾದರೂ ಸಲಹೆ ನೀಡುತ್ತವೆ, ಅದರಲ್ಲಿ ಸ್ವಹಿತವೂ ಬೆರೆತಿರುತ್ತದೆ ಎನ್ನಿ. ಹೋಬಳಿ ಮಟ್ಟದ ಕಾಲೇಜಿಗೆ ಸೇರುವ ವಿದ್ಯಾರ್ಥಿಗೆ ಇರುವ ಸಂಯೋಜನೆಯೇ ಆಯ್ಕೆ. ಕೇಳಲು ಯಾರೂ ಇಲ್ಲ. ಯಾವ ಸಂಯೋಜನೆ ಯಾವ ಪದವಿಗೆ ಅರ್ಹತೆ ನೀಡುತ್ತದೆ, ಯಾವುದಕ್ಕೆ ನೀಡುವುದಿಲ್ಲ ಎಂಬ ಒಂದು ಪುಟದ ಪಟ್ಟಿಯನ್ನು ಅರ್ಜಿಯ ಜೊತೆಗೇ ಕೊಡಲು ಶಿಕ್ಷಣ ಇಲಾಖೆಗೆ ದೊಡ್ಡ ವೆಚ್ಚವೇನೂ ಆಗದು.

ಗಣಿತ ಎಲ್ಲರೂ ಓದಲೇಬೇಕೆಂದೇನಿಲ್ಲ. ಬಿಡುವವರು ಏನನ್ನು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಬೇಕು, ಅಷ್ಟೆ. ಹತ್ತನೇ ತರಗತಿಯ ಒಂದು ಪತ್ರಿಕೆಯ ಅಂಕ ಆ ತೀರ್ಮಾನಕ್ಕೆ ಸಾಲದು.