ಆಟದ ಪೀರಿಯಡ್ಡು ಎಲ್ಲಿ ಹೋಯಿತು?

2024ರಲ್ಲಿ 'ಮೈದಾನ್' ಎಂಬ ಹಿಂದಿ ಚಿತ್ರ ಬಂತಲ್ಲ, ಫುಟ್‌ಬಾಲ್ ಕೋಚ್ ಸೈಯದ್ ಅಬ್ದುಲ್ ರಹೀಮರ ಕಥೆ, ಅದನ್ನು ಮನೆಯವರೆಲ್ಲ ಕೂತು ನೋಡಿದೆವು. ಕೊನೆಗೆ ನಾನೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಶಾಲೆ ತೆರೆದ ಮೇಲೆ ಸ್ಟಾಫ್ ರೂಮಿನಲ್ಲೂ ಅದೇ ಮಾತು. "ಅಂಥವರು ಈಗ ಎಲ್ಲಿದ್ದಾರೆ ಮೇಡಂ!" ಎಂದು ಎಲ್ಲರೂ ನಿಟ್ಟುಸಿರಿಟ್ಟೆವು. ಆಮೇಲೆ ಕಿರುಪರೀಕ್ಷೆ ಹತ್ತಿರ ಬಂತು. ಎಂದಿನಂತೆ ನಾನು ಒಂಬತ್ತನೇ ತರಗತಿಯ ಆಟದ ಪೀರಿಯಡ್ಡನ್ನು ಕೇಳಿ ಪಡೆದು ಸಮಾಜ ಪಾಠ ಮಾಡಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ನಮ್ಮ ಆಟದ ಪೀರಿಯಡ್ಡು ತಗೋತೀರಲ್ಲ, ನಿಮ್ಮ ಪೀರಿಯಡ್ಡನ್ನ ಯಾವತ್ತಾದರೂ ಆಟಕ್ಕೆ ಕೊಟ್ಟಿದ್ದೀರಾ?" ತರಗತಿಯೆಲ್ಲ ನಕ್ಕಿತು. ನಾನು ಗದರಿಸಿ ಕೂರಿಸಿದೆ. ಆದರೆ ರಾತ್ರಿ ಅನ್ನ ಬಸಿಯುವಾಗಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ರಹೀಂ ಸಾಹೇಬರು ಸಿನಿಮಾದ ನಾಯಕರಾಗುವ ಮೊದಲು ಒಬ್ಬ ಶಾಲಾ ಮೇಷ್ಟ್ರು. 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿ, ಅಲ್ಲಿನ ಶಾಲೆಗಳಲ್ಲಿ ಪಾಠ ಹೇಳಿ, ಮಕ್ಕಳ ಆಟೋಟ ನೋಡಿಕೊಂಡವರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು. ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿದ್ದರು. ನಾಲ್ಕೇ ವರ್ಷಕ್ಕೆ, 1956ರ ಮೆಲ್ಬರ್ನ್‌ನಲ್ಲಿ, ಅವರ ತಂಡ ಆಸ್ಟ್ರೇಲಿಯವನ್ನು ಅದರ ಮನೆಯಂಗಳದಲ್ಲೇ 4-2ರಿಂದ ಸೋಲಿಸಿ ನಾಲ್ಕನೆಯ ಸ್ಥಾನ ಪಡೆಯಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದರು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಜರ್ನೈಲ್ ಸಿಂಗ್ ತಲೆಗೆ ಹೊಲಿಗೆ ಹಾಕಿಸಿಕೊಂಡೇ ಆಡಿ ಗೋಲು ಹೊಡೆದರು. ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ತಂದರು. ಮರುವರ್ಷ ಜೂನ್‌ನಲ್ಲಿ ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಆ ಚಿನ್ನ ಮತ್ತೆ ಬರಲಿಲ್ಲ.

ಇದೆಲ್ಲ ಪವಾಡವಲ್ಲ, ಮೇಷ್ಟ್ರ ಕೆಲಸ. ಅವರು ನಡೆಸುತ್ತಿದ್ದ ಒಂದು ಪಂದ್ಯಾವಳಿಯ ನಿಯಮ ಕೇಳಿ: ಚೆಂಡನ್ನು ಒದೆಯಬೇಕಾದದ್ದು ಅಭ್ಯಾಸವಿಲ್ಲದ, ಸೋತ ಕಾಲಿನಿಂದ ಮಾತ್ರ! ಬಲವಾದ ಕಾಲು ಹೇಗೂ ಆಡುತ್ತದೆ. ಸೋತ ಕಾಲನ್ನು ಗಟ್ಟಿ ಮಾಡುವುದೇ ಕಲಿಸುವವನ ಕೆಲಸ ಎಂಬುದು ಅದರ ಅರ್ಥವಲ್ಲವೇ?

ನಾವು ಮಾಡುವುದೇನು? ಅಂಕ ಬರುವ ಕಾಲಿಗೆ ಮಾತ್ರ ಎಣ್ಣೆ ತಿಕ್ಕುತ್ತೇವೆ. ಪಿ.ಟಿ. ಮೇಷ್ಟ್ರನ್ನು ಪ್ರಾರ್ಥನೆಯ ಸಾಲು ನಿಲ್ಲಿಸಲು, ಆಗಸ್ಟ್ 15ರ ಕವಾಯತಿಗೆ, ಯಾರೋ ರಜಾ ಹಾಕಿದರೆ ತರಗತಿ ಕಾಯಲು ಇಟ್ಟುಕೊಳ್ಳುತ್ತೇವೆ. ಉಳಿದ ವೇಳೆಯಲ್ಲಿ ಅವರ ಪೀರಿಯಡ್ಡನ್ನು ನನ್ನಂಥವರು ಕಿತ್ತುಕೊಳ್ಳುತ್ತೇವೆ. ಆಮೇಲೆ ಟಿ.ವಿ. ಮುಂದೆ ಕೂತು, 140 ಕೋಟಿ ಜನರಲ್ಲಿ ಹನ್ನೊಂದು ಜನ ಸಿಗಲಿಲ್ಲವೇ ಎನ್ನುತ್ತೇವೆ. ಎಲ್ಲಿಂದ ಸಿಗಬೇಕು?

ಹೆಣ್ಣುಮಕ್ಕಳ ಪಾಡಂತೂ ಹೇಳುವುದೇ ಬೇಡ. ಗಂಡುಹುಡುಗರು ಸಂಜೆ ಗದ್ದೆ ಬಯಲಲ್ಲೋ ಬೀದಿಯಲ್ಲೋ ಹೇಗೋ ಆಡಿಕೊಳ್ಳುತ್ತಾರೆ. ಹುಡುಗಿಯರಿಗೆ ಇರುವುದು ಶಾಲೆಯ ಆ ಒಂದು ಪೀರಿಯಡ್ಡು ಮಾತ್ರ. ಮನೆಗೆ ಹೋದರೆ ಬಟ್ಟೆ ಮಡಿಸಬೇಕು, ಟ್ಯೂಷನ್ನಿಗೆ ಓಡಬೇಕು. "ಬಿಸಿಲಿಗೆ ಕಪ್ಪಾಗ್ತಾಳೆ ಮಿಸ್, ಆಟಕ್ಕೆ ಬಿಡಬೇಡಿ" ಎಂದು ನನ್ನ ಬಳಿ ಬಂದು ಹೇಳಿದ ತಾಯಂದಿರೂ ಇದ್ದಾರೆ. ಅವರಿಗೆ ತಲೆಯಾಡಿಸಿದವಳೂ ನಾನೇ. ನಾನು ಕಸಿದದ್ದು ನಲವತ್ತು ನಿಮಿಷವಲ್ಲ, ಆ ಮಕ್ಕಳು ಮನಸಾರೆ ಓಡಬಹುದಾಗಿದ್ದ ವಾರದ ಒಂದೇ ಒಂದು ಅವಕಾಶ.

ಸಿಲಬಸ್ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳು ಈಗಲೂ ಹೇಳುತ್ತಾರೆ. ಮುಗಿಯುತ್ತದೆ. ಆ ದಿನದಿಂದ ನಾನು ಆಟದ ಪೀರಿಯಡ್ಡು ಮುಟ್ಟಿಲ್ಲ. ನನ್ನ ಪಾಠವೇನೂ ನಿಂತಿಲ್ಲ.

ತಾಯಂದಿರೇ, ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಒಂದು ಮಾತು ಕೇಳಿ: "ನನ್ನ ಮಗಳ ಆಟದ ಪೀರಿಯಡ್ಡು ಎಲ್ಲಿ ಹೋಯಿತು?" ಉತ್ತರ ಕೊಡಲು ನಮಗೆ ಕಷ್ಟವಾಗಲಿ. ಆಗಬೇಕಾದದ್ದೇ.