ಬಂತು, ಬಂದಳು, ಬಂದರು

ತೆಲುಗಿನಲ್ಲಿ ಹೆಂಗಸು ಬಂದರೂ ‘ವಚ್ಚಿಂದಿ’, ಎಮ್ಮೆ ಬಂದರೂ ‘ವಚ್ಚಿಂದಿ’. ಗಂಡಸು ಬಂದರೆ ಮಾತ್ರ ‘ವಚ್ಚಾಡು’. ಇದನ್ನೇ ಹಿಡಿದುಕೊಂಡು, ‘ನಮ್ಮ ಕನ್ನಡದಲ್ಲಿ ಹೆಣ್ಣಿಗೆ ಬಂದಳು ಎಂಬ ಸ್ವಂತ ರೂಪವಿದೆ, ನಮ್ಮದು ಹೆಣ್ಣನ್ನು ಗೌರವಿಸುವ ಭಾಷೆ’ ಎಂದು ಎದೆಯುಬ್ಬಿಸುವವರನ್ನು ವಿಚಾರ ಸಂಕಿರಣಗಳಲ್ಲೂ ಕಂಡಿದ್ದೇನೆ, ಚಹಾದ ಅಂಗಡಿಗಳಲ್ಲೂ ಕಂಡಿದ್ದೇನೆ. ಈ ಹೆಮ್ಮೆಗೆ ಬುಡವಿಲ್ಲ.

ದೂರ ಹೋಗುವುದು ಬೇಡ. ಹಟ್ಟಿಯಿಂದ ಸಿಂಧನೂರಿನ ಕಡೆ ಹೊರಟರೆ ಸಾಕು. ತುಂಗಭದ್ರೆಯ ಕಾಲುವೆ ಬಂದ ಮೇಲೆ ಆಂಧ್ರದ ರೈತರು ನೆಲೆಸಿದ ಕ್ಯಾಂಪುಗಳಲ್ಲಿ ತೆಲುಗು: ಏಕವಚನದ ಕ್ರಿಯಾಪದದಲ್ಲಿ ಗಂಡು ಒಂದು ಪಾಲು, ಉಳಿದದ್ದೆಲ್ಲ ಇನ್ನೊಂದು ಪಾಲು. ಉರ್ದುವಿನಲ್ಲೂ ಎರಡೇ ಲಿಂಗ, ಆದರೆ ಗೆರೆ ಬಿದ್ದಿರುವುದು ಬೇರೆ ಕಡೆ. ಜೀವವಿಲ್ಲದ ವಸ್ತುವೂ ಗಂಡೋ ಹೆಣ್ಣೋ ಆಗಲೇಬೇಕು. ರೊಟ್ಟಿ ಹೆಣ್ಣು, ನೀರು ಗಂಡು. ಪೂರ್ವ ಬಂಗಾಳದಿಂದ ಬಂದವರ ಆರ್.ಎಚ್. ಕ್ಯಾಂಪುಗಳ ಬಂಗಾಳಿಯಲ್ಲಿ ‘ಅವನು’, ‘ಅವಳು’ ಎಂಬ ಭೇದವೇ ಇಲ್ಲ. ನಮ್ಮ ಕನ್ನಡಕ್ಕೆ ಮೂರು ಲಿಂಗ. ಈ ನಾಲ್ಕು ಭಾಷೆಗಳ ಮನೆಗಳಲ್ಲಿ ಹೆಣ್ಣುಮಕ್ಕಳ ಪಾಡು ಲಿಂಗಗಳ ಲೆಕ್ಕಕ್ಕೆ ತಕ್ಕಂತೆ ಮೇಲು ಕೀಳಾಗಿದೆಯೇ?

ಅಷ್ಟಕ್ಕೂ ‘ನಮ್ಮ ಕನ್ನಡ’ ಎಂದರೆ ಯಾವ ಕನ್ನಡ? ದಕ್ಷಿಣ ಕನ್ನಡ, ಕಾಸರಗೋಡಿನ ಹವ್ಯಕರ ಮಾತಿನಲ್ಲಿ ಹೆಣ್ಣು ‘ಅದು’, ಬಂದರೆ ‘ಬಂತು’. ಶಾಲೆಯ ವ್ಯಾಕರಣವೇ ‘ಹುಡುಗಿ ಬಂದಳು’, ‘ಹುಡುಗಿ ಬಂತು’ ಎರಡನ್ನೂ ಒಪ್ಪಿ, ಸ್ತ್ರೀನಪುಂಸಕಲಿಂಗ ಎಂದು ಹೆಸರಿಟ್ಟಿದೆ. ಹೀಗಿರುವಾಗ ಕ್ಯಾಂಪಿನ ಹುಡುಗ ‘ಅಕ್ಕ ಬಂತು’ ಎಂದರೆ ತರಗತಿ ಏಕೆ ನಗಬೇಕು?

ಹಳೆಯ ಭಾಷೆಗಳ ರೋಗ ಇದು, ಹೊಸದಾಗಿ ಕಟ್ಟಿದರೆ ಸರಿಹೋದೀತು ಎನ್ನುವವರು ಎಸ್ಪೆರಾಂಟೊವನ್ನು ನೋಡಲಿ. 1887ರಲ್ಲಿ ಅದನ್ನು ಪ್ರಕಟಿಸಿದ ಜಾಮೆನ್‌ಹಾಫ್ ನಾಮಪದಗಳಿಗೆ ವ್ಯಾಕರಣದ ಲಿಂಗವನ್ನೇ ಇಡಲಿಲ್ಲ. ಆದರೂ ಅಪ್ಪ ‘ಪಾತ್ರೊ’ ಆದ. ಅದಕ್ಕೇ ‘ಇನ್’ ಪ್ರತ್ಯಯ ಹಚ್ಚಿದಾಗ ಅವ್ವ ‘ಪಾತ್ರಿನೊ’ ಆದಳು. ಲಿಂಗವನ್ನು ಬಾಗಿಲಿಂದ ಹೊರಗೆ ಹಾಕಿದರೆ ಅಪ್ಪ ಕಿಟಕಿಯಿಂದ ಒಳಗೆ ಬಂದ.

ಹಾಗಾದರೆ ಭಾಷೆಗೂ ಅವಮಾನಕ್ಕೂ ಸಂಬಂಧವೇ ಇಲ್ಲವೇ? ಇದೆ. ಆದರೆ ಅದು ಲಿಂಗಗಳ ಎಣಿಕೆಯಲ್ಲಿಲ್ಲ, ಆಯ್ಕೆಯಲ್ಲಿದೆ. ತೆಲುಗಿನವರಿಗೆ ಏಕವಚನದಲ್ಲಿ ‘ವಚ್ಚಿಂದಿ’ ಬಿಟ್ಟು ಬೇರೆ ದಾರಿಯಿಲ್ಲ. ದಾರಿಯಿಲ್ಲದ ಕಡೆ ತಪ್ಪು ಹುಡುಕುವುದು ಮೂರ್ಖತನ. ‘ಆಮೆ’ ಎನ್ನಬಹುದಾದ ಕಡೆ ‘ಅದಿ’ ಎಂದರೆ ಮಾತ್ರ ಹೊಣೆ ಆಡಿದವನದು. ಕನ್ನಡದಲ್ಲಿ ಬಂತು, ಬಂದಳು, ಬಂದರು ಮೂರೂ ನಮ್ಮ ಕೈಯಲ್ಲಿವೆ. ಮೇಡಂ ‘ಬಂದರು’, ಕಸ ಗುಡಿಸುವ ಹೆಂಗಸು ‘ಬಂದಳು’. ಸ್ತ್ರೀಲಿಂಗ ಹೆಣ್ಣಿಗೆ ಗೌರವ ಕೊಡುವುದಾದರೆ, ಗೌರವ ಬೇಕಾದಾಗಲೆಲ್ಲ ನಾವು ಅದನ್ನು ಬಿಟ್ಟು ಬಹುವಚನಕ್ಕೆ ಓಡುವುದೇಕೆ?

ಆ ಬಹುವಚನದಲ್ಲೇ ಕನ್ನಡದ ಇನ್ನೊಂದು ವ್ಯವಸ್ಥೆಯಿದೆ. ಅಲ್ಲಿ ಇರುವುದು ಎರಡೇ: ಅವರು, ಅವು. ಮನುಷ್ಯರು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಗಂಡು ಹೆಣ್ಣಿನ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟು ಲಿಂಗತ್ವ ಅಲ್ಪಸಂಖ್ಯಾತರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. ಅವರನ್ನು ಏನೆಂದು ಕರೆಯಬೇಕೆಂದು ತಲೆ ಕೆರೆದುಕೊಳ್ಳುವವರಿಗೆ ಹೊಸ ಪದ ಬೇಕಿಲ್ಲ. ‘ಅವರು’ ಇದೆ.

ಎಲ್ಲರಿಗೂ ‘ಬಂದರು’ ಎಂದರೆ ಸಲುಗೆ ಎಲ್ಲಿ ಹೋಯಿತು ಎಂದು ಕೇಳುತ್ತಾರೆ. ನಮ್ಮ ಕಡೆ ‘ಅವ್ವ ಬಂದ್ಲು’ ಎನ್ನುವುದು ಸಲುಗೆಯೇ, ಯಾಕೆಂದರೆ ಅವ್ವನೂ ನಮ್ಮನ್ನು ‘ನೀನು’ ಎನ್ನುತ್ತಾಳೆ. ಕಸ ಗುಡಿಸುವವರು ಅಧಿಕಾರಿಯನ್ನು ‘ನೀನು’ ಎನ್ನಬಲ್ಲರೇ? ಎನ್ನಲಾರರು ಎಂದಾದರೆ ಅವರಿಗೆ ಹಚ್ಚಿದ ‘ಬಂದಳು’ ಸಲುಗೆಯಲ್ಲ. ತೆಲುಗಿನ ವ್ಯಾಕರಣದ ಮೇಲೆ ತೀರ್ಪು ಕೊಡುವ ಮೊದಲು ನಮ್ಮ ಬಾಯಲ್ಲಿರುವ ಈ ಏಕವಚನಕ್ಕೆ ಉತ್ತರ ಕೊಡೋಣ.