ಗೋಧಿ ಬಿಟ್ಟ ಮೇಲೆ ಏರಿದ ತೂಕ

“ಡಾಕ್ಟರ್ ಆಪಾ, ಗೋಧಿ ಬಿಟ್ಟರ ಮಂದಿ ಸಣ್ಣ ಆಗ್ತಾರಂತ. ನಮ್ಮ ಹುಡುಗಿ ಯಾಕ ದಪ್ಪ ಆಗಾಕತ್ತಾಳ?”

ದಾಂಡೇಲಿಯ ನನ್ನ ದವಾಖಾನೆಯಲ್ಲಿ ತಾಯಿಯೊಬ್ಬರು ಹೀಗೆ ಕೇಳುವಾಗ ಪಕ್ಕದಲ್ಲಿದ್ದ ಮಗಳು ದುಪಟ್ಟಾದ ಅಂಚು ಹಿಡಿದು ನೆಲ ನೋಡುತ್ತಿದ್ದಳು. ಏಳು ತಿಂಗಳ ಹಿಂದೆ ಅವಳ ತೂಕ 38 ಕಿಲೋ. ಈಗ 51. ವರ್ಷಗಟ್ಟಲೆ ಭೇದಿ, ಹೊಟ್ಟೆ ಉಬ್ಬರ, ಎಷ್ಟು ಕಬ್ಬಿಣದ ಮಾತ್ರೆ ನುಂಗಿದರೂ ಏರದ ರಕ್ತ. ಕೊನೆಗೆ ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆ, ಎಂಡೋಸ್ಕೋಪಿ ಮಾಡಿಸಿದಾಗ ಸೀಲಿಯಾಕ್ ಕಾಯಿಲೆ ಎಂದು ತಿಳಿಯಿತು. ಗೋಧಿ ಬಿಟ್ಟಳು, ಭೇದಿ ನಿಂತಿತು, ಮುಖಕ್ಕೆ ಕಳೆ ಬಂತು. ಮನೆಯವರು ಅಲ್‌ಹಮ್ದುಲಿಲ್ಲಾಹ್ ಎಂದರು. ಆಮೇಲೆ ಮದುವೆಯ ಮಾತು ಶುರುವಾಯಿತು. ನೋಡಲು ಬಂದವರಲ್ಲಿ ಯಾರೋ “ಹುಡುಗಿ ಮೈ ತುಂಬ್ಕೊಳ್ತಾ ಇದಾಳೆ, ಮುಂದೆ ಹೇಗೋ” ಎಂದರಂತೆ.

ತಾಯಿ ಔಷಧಿ ತೆಗೆದುಕೊಳ್ಳಲು ಹೊರಗೆ ಹೋದಾಗ ಮಗಳು ಮೆಲ್ಲಗೆ ಹೇಳಿದಳು: ಒಂದು ತಿಂಗಳಿಂದ ಯಾರಿಗೂ ಕಾಣದಂತೆ ದಿನಕ್ಕೆ ಅರ್ಧ ಚಪಾತಿ ತಿನ್ನುತ್ತಿದ್ದಾಳೆ. “ಗೋಧಿ ತಿನ್ನುವಾಗ ಸಣ್ಣಗಿದ್ದೆನಲ್ಲ?”

ಆ ಅರ್ಧ ಚಪಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಗೋಧಿ ಹಿಟ್ಟು ಕಲಸಿದಾಗ ಎಳೆದರೂ ಹರಿಯದಂತೆ ಹಿಡಿದಿಡುವ ಅಂಟಿನ ಪ್ರೋಟೀನೇ ಗ್ಲೂಟೆನ್. ಸೀಲಿಯಾಕ್ ಇರುವವರ ದೇಹ ಅದನ್ನು ಶತ್ರು ಎಂದು ತಿಳಿದು ತನ್ನದೇ ಸಣ್ಣ ಕರುಳಿನ ಮೇಲೆ ದಾಳಿ ಮಾಡುತ್ತದೆ. ಕರುಳಿನ ಒಳಗೋಡೆ ಮಖಮಲ್ಲಿನ ಬಟ್ಟೆಯಂತೆ, ಅದರ ಎಳೆಗಳೇ ಅನ್ನದ ಸಾರ ಹೀರುವುದು. ಆ ಎಳೆಗಳು ಸವೆದು ಮಟ್ಟಸವಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಇದು ಹೊಸ ಕಾಯಿಲೆಯಲ್ಲ. ಸುಮಾರು 1,900 ವರ್ಷಗಳ ಹಿಂದೆ ಅರೆಟೇಯಸ್ ಎಂಬ ಗ್ರೀಕ್ ವೈದ್ಯ ಇಂಥ ರೋಗಿಗಳನ್ನು ವಿವರಿಸಿದ್ದ. ಸೀಲಿಯಾಕ್ ಎಂಬ ಹೆಸರೂ ಗ್ರೀಕಿನ ‘ಹೊಟ್ಟೆ’ ಎಂಬ ಪದದಿಂದಲೇ ಬಂದದ್ದು. ಯುನಾನಿ ಎಂದರೆ ಗ್ರೀಸಿನದು ಎಂದೇ ಅರ್ಥ, ಹಾಗಾಗಿ ನಮ್ಮ ಪದ್ಧತಿಗೆ ಇದು ದೂರದ ನೆಂಟ. ಆದರೆ ತಪ್ಪಿತಸ್ಥ ಗೋಧಿ ಎಂದು ತೋರಿಸಿಕೊಟ್ಟವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ ಯುದ್ಧದಿಂದಾಗಿ ಅಲ್ಲಿ ಬ್ರೆಡ್ಡೇ ಸಿಗದಾದಾಗ ಈ ಕಾಯಿಲೆಯ ಮಕ್ಕಳು ಸುಧಾರಿಸಿದರು, ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಮೊದಲೇ ಇದ್ದ ಅವರ ಸಂಶಯ ಗಟ್ಟಿಯಾಯಿತು.

ಈಗ ತೂಕಕ್ಕೆ ಬರೋಣ. ಯುನಾನಿಯಲ್ಲಿ ಕುವ್ವತೆ ಜಾಝಿಬಾ ಎನ್ನುತ್ತೇವೆ, ಸಾರವನ್ನು ಎಳೆದುಕೊಳ್ಳುವ ಶಕ್ತಿ. ಗೋಧಿ ನಿಂತ ಮೇಲೆ ಕರುಳು ವಾಸಿಯಾಗಿ ಆ ಶಕ್ತಿ ಮರಳುತ್ತದೆ. ಆದರೆ ತಿನ್ನುವ ರೂಢಿ ಹಳೆಯದೇ. ನಮ್ಮ ಹುಡುಗಿ ವರ್ಷಗಟ್ಟಲೆ ಮೂರು ತಟ್ಟೆ ತಿಂದು ಒಂದು ತಟ್ಟೆಯ ಸಾರವನ್ನಷ್ಟೇ ಪಡೆಯುತ್ತಿದ್ದಳು. ಈಗ ಮೂರೂ ತಟ್ಟೆ ಮೈಗೆ ಹತ್ತುತ್ತಿವೆ. ಮೊದಲ ಕೆಲವು ತಿಂಗಳ ಏರಿಕೆ ಕಾಯಿಲೆಯಲ್ಲ, ಬಾಕಿ ವಸೂಲಿ. 153 ಸೆಂಟಿಮೀಟರ್ ಎತ್ತರದ ಹುಡುಗಿಗೆ 51 ಕಿಲೋ ದಪ್ಪವೇ ಅಲ್ಲ. ನಮ್ಮ ದೇಶದವರಿಗೆ ಹೇಳುವ ಲೆಕ್ಕದಲ್ಲಿ ಆ ಎತ್ತರಕ್ಕೆ ಸುಮಾರು 43ರಿಂದ 53 ಕಿಲೋ ಸರಿಯಾದ ತೂಕ. 38 ಕಿಲೋದ ಹುಡುಗಿಯನ್ನು ಚೆಂದ ಎಂದು ನೋಡಿ ಅಭ್ಯಾಸವಾದ ಕಣ್ಣುಗಳದ್ದೇ ತಪ್ಪು. ಆದರೆ ಏರಿಕೆ ಇನ್ನು ನಿಲ್ಲಬೇಕು ಎಂಬುದೂ ನಿಜ.

ಅರ್ಧ ಚಪಾತಿಯಿಂದ ಆಗುವುದು ಸಣ್ಣಗಾಗುವುದಲ್ಲ, ಕರುಳು ಸವೆಯುವುದು. ಮತ್ತೆ ರಕ್ತಹೀನತೆ, ಟೊಳ್ಳಾಗುವ ಮೂಳೆ, ಮುಂದೆ ಗರ್ಭ ನಿಲ್ಲುವುದಕ್ಕೂ ತೊಂದರೆ ಬರಬಹುದು. ಸೀಲಿಯಾಕ್ ಎಂದು ಖಚಿತವಾದವರಿಗೆ ಗೋಧಿ ಜೀವನಪರ್ಯಂತ ಬೇಡ. ಇದಕ್ಕೆ ನನ್ನ ಬಳಿಯೂ ಮಾಜೂನ್ ಇಲ್ಲ, ಇದೆ ಎನ್ನುವವರನ್ನು ನಂಬಬೇಡಿ.

ಅವಳ ತಟ್ಟೆಯ ಲೆಕ್ಕ ಕೇಳಿದೆ. ಬೆಳಿಗ್ಗೆ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ತುಪ್ಪ ಸವರಿದ ಅಕ್ಕಿ ರೊಟ್ಟಿಯ ಜೊತೆ ಮತ್ತೆ ಅನ್ನ. ಸಂಜೆಗೆ ಆನ್‌ಲೈನಿನಲ್ಲಿ ತರಿಸಿದ ‘ಗ್ಲೂಟೆನ್ ಫ್ರೀ’ ಬಿಸ್ಕತ್ತು. ಪೊಟ್ಟಣದ ಮೇಲಿನ ಆ ಮಾತಿಗೆ ಕಿಲೋಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇಲ್ಲ ಎಂದಷ್ಟೇ ಅರ್ಥ, ಸಣ್ಣಗಾಗಿಸುತ್ತದೆ ಎಂದಲ್ಲ. ಅಂಟಿಲ್ಲದ ಹಿಟ್ಟು ಪುಡಿಪುಡಿಯಾಗದಿರಲು ಅದಕ್ಕೆ ಪಿಷ್ಟ, ಸಕ್ಕರೆ, ಕೊಬ್ಬು ಧಾರಾಳವಾಗಿ ಸುರಿಯುತ್ತಾರೆ. ಇನ್ನು ಅಕ್ಕಿ. 100 ಗ್ರಾಂ ಗೋಧಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹೊಟ್ಟೆ ಬೇಗ ಖಾಲಿ, ಮತ್ತೆ ಹಸಿವು.

ನಾರು ಬೇಕಾದರೆ ಜೋಳ ಮತ್ತು ರಾಗಿಯಲ್ಲಿ ಗೋಧಿಯಷ್ಟೇ ಇದೆ, ಗ್ಲೂಟೆನ್ ಇಲ್ಲ. ಹಳಿಯಾಳದ ಸಂತೆಯಲ್ಲಿ ಜೋಳ ಸಿಗುತ್ತದೆ. ಜೋಯಿಡಾ ಕಡೆಯವರಿಗೆ ನಾಚಣೆ ಭಾಕ್ರಿ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿನ ಕುಣಬಿಯರು ಬೆಳೆಯುವ ಗೆಡ್ಡೆಗೆಣಸಿಗೆ ಮೇಳವೇ ನಡೆಯುತ್ತದೆ, ನಾವು ಮಾತ್ರ ಕೊರಿಯರಿನ ಬಿಸ್ಕತ್ತಿಗೆ ಕಾಯುತ್ತೇವೆ! ಬೇಯಿಸಿದ ಗೆಣಸು ಅನ್ನದ ಬದಲಿಗಿರಲಿ, ಅನ್ನದ ಜೊತೆಗಲ್ಲ. ಅರ್ಧ ತಟ್ಟೆ ಪಲ್ಯ, ಜೊತೆಗೆ ಬೇಳೆ, ಮೊಟ್ಟೆ, ಮೀನು ಅಥವಾ ಎಣ್ಣೆ ತೇಲದ ಸಾಲನ್, ಉಳಿದ ಜಾಗಕ್ಕೆ ರೊಟ್ಟಿ ಅಥವಾ ಅನ್ನ, ಎರಡರಲ್ಲಿ ಒಂದು. ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ. ಸಫೂಫೆ ಮುಹಝ್ಝಿಲ್ ಕೊಡಿ ಎಂದು ಬರುವವರಿಗೂ ನಾನು ಮೊದಲು ಇದನ್ನೇ ಹೇಳುವುದು.

ಇಷ್ಟಾದರೂ ತೂಕ ಏರುತ್ತಲೇ ಇದ್ದರೆ, ಜೊತೆಗೆ ಸುಸ್ತು, ಚಳಿ, ಮುಟ್ಟಿನ ಏರುಪೇರು ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸೀಲಿಯಾಕ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಉಳಿದವರಿಗಿಂತ ಹೆಚ್ಚು.

ನನ್ನದೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಈ ಹುಡುಗಿ ಕಾಯಿಲೆ ಗೊತ್ತಾಗುವ ಮೊದಲು ನನ್ನ ಬಳಿ ಬಂದಿದ್ದಳು. ಹೊಟ್ಟೆ ತಂಪಾಗಲಿ ಎಂದು ನಾನು ತಿಂಗಳುಗಟ್ಟಲೆ ಕುಡಿಯಲು ಬರೆದುಕೊಟ್ಟದ್ದು ಮಾಉಶ್ಶಈರ್, ಅಂದರೆ ಬಾರ್ಲಿ ನೀರು. ಬಾರ್ಲಿಯಲ್ಲೂ ಗ್ಲೂಟೆನ್ ಇದೆ. ಕಬ್ಬಿಣದ ಮಾತ್ರೆಗೆ ರಕ್ತ ಏರುತ್ತಿಲ್ಲ ಎಂದಾಗಲೇ ನಾನು ಅವಳನ್ನು ಪರೀಕ್ಷೆಗೆ ಕಳಿಸಬೇಕಿತ್ತು. ತಲ್ಬೀನಾ, ಜವೆಯ ಸತ್ತು ಕೂಡ ಈ ರೋಗಿಗಳಿಗಲ್ಲ. ತಲ್ಬೀನಾ ಬೇಡ ಎಂದರೆ ಕೆಲವರು ಮುಖ ಸಣ್ಣ ಮಾಡುತ್ತಾರೆ. ಅದರ ಗೌರವ ಎಲ್ಲಿಗೂ ಹೋಗುವುದಿಲ್ಲ, ಈ ಒಂದು ಕರುಳಿಗೆ ಅದು ಒಗ್ಗುವುದಿಲ್ಲ, ಅಷ್ಟೇ. ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಮೊಮೊ ಮೈದಾದ್ದು ಎಂದು ಎಲ್ಲರಿಗೂ ಗೊತ್ತು, ಅಲ್ಲಿನ ತ್ಸಂಪಾ ಹುರಿದ ಬಾರ್ಲಿಯ ಹಿಟ್ಟು ಎಂಬುದು ಎಷ್ಟು ಜನಕ್ಕೆ ಗೊತ್ತು? ನಮ್ಮ ಹಲೀಮಿನಲ್ಲಿ ಗೋಧಿ, ಶೀರ್ ಖುರ್ಮಾದಲ್ಲಿ ಗೋಧಿ ಶಾವಿಗೆ, ಪುಡಿ ಇಂಗಿನಲ್ಲೂ ಹಲವು ಸಲ ಮೈದಾ. ಇಫ್ತಾರಿಗೆ ಸಮೋಸ ಬಿಟ್ಟರೆ ಸಾಲದು, ಅದೇ ಎಣ್ಣೆಯಲ್ಲಿ ಕರಿದ ಕಡಲೆಹಿಟ್ಟಿನ ಬಜ್ಜಿಯೂ ಬೇಡ.

ಇನ್ನೊಂದು ಗುಂಪಿದೆ. ಯಾವ ಪರೀಕ್ಷೆಯೂ ಇಲ್ಲದೆ, ಮೊಬೈಲಿನಲ್ಲಿ ನೋಡಿ, ಸಣ್ಣಗಾಗಲು ಗೋಧಿ ಬಿಟ್ಟವರು. ದಕ್ಷಿಣ ಭಾರತದಲ್ಲಿ ಸೀಲಿಯಾಕ್ ಉತ್ತರಕ್ಕಿಂತ ಬಹಳ ಕಡಿಮೆ. ಇವರಲ್ಲಿ ಹೆಚ್ಚಿನವರಿಗೆ ಬಿಡಬೇಕಾದ್ದು ಚಹಾದ ಜೊತೆಯ ಖಾರಿ, ಟೋಸ್ಟ್ ಮತ್ತು ಪರೋಟ. ಎರಡು ಚಪಾತಿ ಬಿಟ್ಟು ಎರಡು ತಟ್ಟೆ ಅನ್ನ ಉಂಡರೆ ತೂಕ ಏರದೆ ಇನ್ನೇನಾದೀತು? ನಿಜಕ್ಕೂ ಹೊಟ್ಟೆಯ ತೊಂದರೆ ಇದ್ದು ಸಂಶಯವಿದ್ದರೆ ಗೋಧಿ ಬಿಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಆಗ ಉತ್ತರಕ್ಕಾಗಿ ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕಾಗುತ್ತದೆ.

ಹುಡುಗಿ ಅರ್ಧ ಚಪಾತಿ ಬಿಟ್ಟಳು. ತಾಯಿಗೆ ಅವಳೇ ಹೇಳಿದಳು. ತಾಯಿ ಅತ್ತರು, ಬೈದರು, ಆಮೇಲೆ ತಟ್ಟೆಯ ಲೆಕ್ಕ ತಾವೇ ಹಿಡಿದರು. ಮೂರು ತಿಂಗಳ ನಂತರ ತೂಕ 52, ಅಲ್ಲಿಗೆ ನಿಂತಿದೆ. ಉಳಿದದ್ದು ಗಿರಣಿಯ ಸಮಸ್ಯೆ. ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಕಲ್ಲಿನಲ್ಲಿ ಉಳಿದ ಗೋಧಿ ಹಿಟ್ಟು ಜೋಳಕ್ಕೂ ಬರುತ್ತದೆ. ಕೊನೆಗೆ ತಾಯಿ ಚಿಟ್ಟಿಯ ಹಣದಲ್ಲಿ ಮನೆಗೇ ಒಂದು ಚಿಕ್ಕ ಗಿರಣಿ ತಂದರು. ಮೊನ್ನೆ ಓಣಿಯವರೊಬ್ಬರು ಎರಡು ಕಿಲೋ ಗೋಧಿ ಬೀಸಿಕೊಡಿ ಎಂದು ಡಬ್ಬಿ ಹಿಡಿದು ಬಂದಿದ್ದರಂತೆ. ಚಹಾ ಕುಡಿಸಿ, ಡಬ್ಬಿಯನ್ನು ಹಾಗೇ ವಾಪಸ್ ಕಳಿಸಿದೆ ಎಂದು ನಗುತ್ತ ಹೇಳಿದರು.